ಪಿಯಾನೊ ಬಾರಿಸುವವಳು

ವಾಷಿಂಗ್ಟನ್
15 ಅಕ್ಟೋಬರ್ 1978

ಅಣ್ಣ,

ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ರತ್ನಾ ಅತ್ತಿಗೆ ಫೋನಿನಲ್ಲಿ ಬೈದರು. ಬೈದದ್ದು ಸರಿ. ಹಗಲೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಲೈಡುಗಳನ್ನು ನೋಡುತ್ತೇನೆ. ಸಂಜೆ ಮನೆಯಲ್ಲಿ ಇರುವುದಿಲ್ಲ. ಎಲ್ಲಿರುತ್ತೇನೆಂದು ಈಗ ಹೇಳುತ್ತೇನೆ.

ನನ್ನ ಮನೆ ಇರುವ ಮೌಂಟ್ ಪ್ಲೆಸೆಂಟಿನಲ್ಲಿ ದಕ್ಷಿಣ ಅಮೆರಿಕದವರು ಬಹಳ. ಬೇಸಿಗೆಯಲ್ಲಿ ಒಂದು ದಿನ ಹಿಂದಿನ ಗಲ್ಲಿಯಿಂದ ಪೇಪರು ಸುಡುವ ವಾಸನೆ ಬಂತು. ಇಳಿದು ಹೋದೆ. ಎತ್ತರದ ಕರಿಯನೊಬ್ಬ ಕಸದ ಡಬ್ಬಿಯಲ್ಲಿ ಹಳೆಯ ಪೇಪರು ಉರಿಸಿ, ಡೋಲಿನ ಚರ್ಮವನ್ನು ಬೆಂಕಿಯ ಕಡೆ ತಿರುಗಿಸಿ ಕಾಯಿಸುತ್ತಿದ್ದ. ಹೆಸರು ಅನಿಬಾಲ್. ಊರು ಯುರುಗ್ವೆಯ ಮೊಂಟೆವಿಡಿಯೊ. ಅಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಓಡಿಬಂದವನು. "ಆಯಿತು, ಕಾದಿದೆ" ಎಂದ. ನಾನು ಬೆರಳಿನಿಂದ ತಟ್ಟಿ ಕಿವಿಗೊಟ್ಟು "ಇನ್ನೂ ಇಲ್ಲ" ಎಂದೆ. ಅವನು ನಕ್ಕ. ಆಮೇಲೆ ತಾನೂ ತಟ್ಟಿ ನೋಡಿ, ಸುಮ್ಮನೆ ಇನ್ನೊಂದು ಪೇಪರು ಹಾಕಿದ. ಅದು ನನಗೆ ಹೇಗೆ ತಿಳಿಯಿತೆಂದು ನಿನಗೆ ಬರೆಯಬೇಕಾಗಿಲ್ಲ.

ಅವರದೊಂದು ರಾಕ್ ಬ್ಯಾಂಡ್ ಇದೆ. ಹೆಸರು 'ಓವರ್‌ಸ್ಟೇ'. ಅರ್ಧ ಜನರ ವೀಸಾ ಮುಗಿದಿದೆ, ಅದಕ್ಕೇ ಆ ಹೆಸರು. ಗಿಟಾರಿಗೆ ವೇಯ್ನ್, ಆರ್ಲಿಂಗ್ಟನ್ನಿನ ಬಿಳಿಯ ಹುಡುಗ. ಕಾಲಿನಲ್ಲಿ ಒಂದು ಪೆಟ್ಟಿಗೆ ಒತ್ತಿದರೆ ಅವನ ಗಿಟಾರು ನೀರಿನೊಳಗಿಂದ ಕೇಳುತ್ತದೆ. ಟ್ರೂಡಿ ಎಂಬವಳು ಹಾಡುತ್ತಾಳೆ ಎನ್ನುವುದಕ್ಕಿಂತ ಬೈಯುತ್ತಾಳೆ ಎನ್ನಬೇಕು. ಸ್ವಲ್ಪ ಹೊತ್ತು ಜೋರು ಬೈಗುಳ, ಆಮೇಲೆ ಬಹಳ ಹೊತ್ತು ನೀರು. ಇವೆರಡರ ಅಡಿಯಲ್ಲೂ ಅನಿಬಾಲನ ಜನರ ಕಾಂದೊಂಬೆ ಎಂಬ ಸಂಗೀತ. ಆಫ್ರಿಕದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು ಮೊಂಟೆವಿಡಿಯೊದ ಬೀದಿಗಳಲ್ಲಿ ಉಳಿಸಿಕೊಂಡು ಬಂದದ್ದು. ಅದರಲ್ಲಿ ಮೂರು ಪಾಲು: ಚಿಕೊ, ರೆಪಿಕೆ, ಪಿಯಾನೊ. ನನಗೆ ಕೊಟ್ಟಿರುವುದು ಪಿಯಾನೊ.

ಹಾಗಾಗಿ ಸಂಜೆ ಹೊತ್ತು ನಾನು ಪಿಯಾನೊ ಬಾರಿಸುತ್ತಿರುತ್ತೇನೆ.

ಸಾಕು

*

ಗ್ರೀನ್‌ವಿಲ್, ದಕ್ಷಿಣ ಕೆರೊಲಿನಾ
29 ಅಕ್ಟೋಬರ್ 1978

ಚಿರಂಜೀವಿ ಸಾಕೂಗೆ,

ನಿನ್ನ ಕಾಗದವನ್ನು ರತ್ನಾಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಿಯಾನೊ. ನಮ್ಮ ಮನೆಯಲ್ಲಿ ಒಬ್ಬರು ಪಿಯಾನೊ ಕಲಿಯುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಮಾತು ತಿದ್ದುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಪಿಯಾನೊ 'ಬಾರಿಸುವುದು' ಎಂದು ಬರೆಯಬಾರದು. 'ನುಡಿಸುವುದು' ಎನ್ನಬೇಕು. ವೀಣೆ, ಪಿಟೀಲು, ಪಿಯಾನೊ ಇವನ್ನೆಲ್ಲ ನುಡಿಸುತ್ತಾರೆ. ಬಾರಿಸುವುದು ಬೇರೆಯವರ ಕೆಲಸ.

ಇಲ್ಲಿನ ಹೃದಯದ ಡಾಕ್ಟರು ಪದ್ಮನಾಭ ಮತ್ತು ಅವರ ಹೆಂಡತಿ ನಳಿನಿಯವರಿಗೆ ವಿಷಯ ಹೇಳಿದೆ. ಇಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಹಬ್ಬಕ್ಕೆ ಷಾರ್ಲೆಟ್, ಅಟ್ಲಾಂಟಾದಿಂದಲೂ ಜನ ಬರುತ್ತಾರೆ. ಎಲ್ಲರೂ ಸೇರುವುದು ಒಂದು ಚರ್ಚಿನ ಹಾಲ್‌ನಲ್ಲಿ. ಅಲ್ಲಿ ದೊಡ್ಡ ಪಿಯಾನೊ ಇದೆ, ಸದಾ ಬೀಗ. ನಳಿನಿಯವರು ಕೂಡಲೇ, "ಯುಗಾದಿ ಪ್ರೋಗ್ರಾಮ್‌ಗೆ ನಿಮ್ ಸಿಸ್ಟರ್‌ನ ಕರೆಸ್ಬಿಡಿ ಡಾಕ್ಟ್ರೇ, ಪ್ರತಿ ವರ್ಷ ನನ್ ಹಾರ್ಮೋನಿಯಂ ಕೇಳಿ ಕೇಳಿ ಜನಕ್ಕೆ ತಲೆನೋವ್ ಬಂದಿದೆ" ಎಂದರು. ನೀನು ಬರಲೇಬೇಕು.

ಆ ಬೆಂಕಿಯ ಸಂಗತಿಯನ್ನು ಇಲ್ಲಿ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ. ಡೋಲು ಅವನು ಬಡಿದುಕೊಳ್ಳಲಿ, ನಿನ್ನ ಪಿಯಾನೊ ನಿನಗಿರಲಿ.

ನಿನ್ನ ಅಣ್ಣ,
ಎಂ. ಡಿ. ಸ್ವಾಮಿ

*

ವಾಷಿಂಗ್ಟನ್
10 ಡಿಸೆಂಬರ್ 1978

ಅಣ್ಣ,

ಕೋಪದಲ್ಲಿ ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಕೋಪ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅನಿಬಾಲ್ ಹುಟ್ಟಿದ್ದು ಒಂದು ದೊಡ್ಡ ವಠಾರದಲ್ಲಿ. ನಡುವೆ ಅಂಗಳ, ಸುತ್ತ ಎರಡಂತಸ್ತಿನ ಕೋಣೆಗಳು, ಎಲ್ಲ ಕರಿಯರ ಸಂಸಾರಗಳು. ಕಳೆದ ವಾರ ಸರಕಾರ ಅದನ್ನು ಖಾಲಿ ಮಾಡಿಸಿತು. ಕಟ್ಟಡ ಹಳೆಯದಾಗಿದೆಯಂತೆ. ಹೊರಡುವ ಮುನ್ನ ಅಲ್ಲಿನವರು ಅಂಗಳದಲ್ಲಿ ಕೊನೆಯ ಸಲ ಬಾರಿಸಿದರು. ಅವನ ಅಕ್ಕ ಎದುರಿನ ಅಂಗಡಿಯಿಂದ ಫೋನು ಮಾಡಿ ರಿಸೀವರನ್ನು ಬೀದಿಯ ಕಡೆ ಹಿಡಿದಳು. ಅವನು ಕೇಳಿದ, ಆಮೇಲೆ ನನ್ನ ಕಿವಿಗೂ ಹಿಡಿದ. ಗೊರಗೊರ ಶಬ್ದದ ಹಿಂದೆ ನೂರು ಕೈ. ಅವನು ಅಳಲಿಲ್ಲ. ಆ ಸಂಜೆ ಎಷ್ಟು ಜೋರಾಗಿ ಬಾರಿಸಿದನೆಂದರೆ ಡೋಲಿನ ಚರ್ಮ ಸೀಳಿತು.

ಬಾರಿಸುವುದು ಬೇರೆಯವರ ಕೆಲಸ ಎಂದೆಯಲ್ಲ. ಯಾರ ಕೆಲಸ ಅಣ್ಣ? ಮಳವಳ್ಳಿ ಸೀಮೆಯಲ್ಲಿ ಮಾರಿ ಹೊರಟರೂ ಹೆಣ ಹೊರಟರೂ ಮುಂದೆ ಅಪ್ಪನ ತಮಟೆ. ಹೈಸ್ಕೂಲು ಮುಗಿಯುವವರೆಗೆ ಅವನ ಪಕ್ಕದಲ್ಲಿ ನೀನು. ಹೆಣ್ಣು ಬಾರಿಸಬಾರದೆಂದು ನನಗೆ ತಮಟೆ ಕೊಡಲಿಲ್ಲ. ಹುಲ್ಲು ಉರಿಸಿ ಚರ್ಮ ಕಾಯಿಸುವುದಷ್ಟೇ ನನ್ನ ಪಾಲು. ಆ ತಮಟೆಯ ಮನೆಯಿಂದಲೇ ನೀನು ಡಾಕ್ಟರಾದೆ, ನಾನು ಲ್ಯಾಬಿಗೆ ಬಂದೆ. ಬೇರೆಯವರು ಎಂದರೆ ನಾವೇ.

ಯುಗಾದಿಗೆ ಬರುತ್ತೇನೆ. ಒಬ್ಬಳೇ ಅಲ್ಲ, ಬ್ಯಾಂಡೂ ಬರುತ್ತದೆ. ಚರ್ಚಿನ ಪಿಯಾನೊಗೆ ಹಾಕಿದ ಬೀಗ ಹಾಗೇ ಇರಲಿ. ನನ್ನ ಪಿಯಾನೊವನ್ನು ನಾನೇ ಹೊತ್ತು ತರುತ್ತೇನೆ. ಮತ್ತೆ, ಅದನ್ನು ನಾನು ಬಾರಿಸುತ್ತೇನೆ.

ಸಾಕು

*

ಗ್ರೀನ್‌ವಿಲ್
4 ಮಾರ್ಚ್ 1979

ಚಿರಂಜೀವಿ ಸಾಕೂಗೆ,

ಅಪ್ಪನ ಸಂಗತಿಯನ್ನು ಕಾಗದದಲ್ಲಿ ಬರೆಯಬೇಡ. ರತ್ನಾ ಎಲ್ಲ ತಿಳಿದೇ ನನ್ನನ್ನು ಮದುವೆಯಾದವಳು, ಅವಳ ಮಾತು ಬೇರೆ. ಆದರೆ ನಮ್ಮ ಮನೆಗೆ ಜನ ಬಂದುಹೋಗುತ್ತಾರೆ, ಕಾಗದ ಮೇಜಿನ ಮೇಲೆ ಬಿದ್ದಿರುತ್ತದೆ.

ನಾನು ಯಾರಿಗೂ ಸುಳ್ಳು ಹೇಳಿಲ್ಲ. ಬಂದ ಹೊಸದರಲ್ಲಿ ಪದ್ಮನಾಭ, "ಸ್ವಾಮಿ ಅಂದ್ರೆ ಮೈಸೂರ್ ಕಡೆ ಲಿಂಗಾಯತ್ರಾ?" ಎಂದು ಕೇಳಿದರು. ನಾನು ನಕ್ಕೆ. ಅವರೇ ತೀರ್ಮಾನಿಸಿಕೊಂಡರು. ನಮ್ಮಲ್ಲಿ ಮಹದೇವಸ್ವಾಮಿ ಎಂಬ ಹೆಸರು ಯಾರಿಗೆ ಬೇಕಾದರೂ ಇರುತ್ತದೆ, ಅದು ನನ್ನ ತಪ್ಪೇ?

ಈಗ ಪ್ರೋಗ್ರಾಮಿನ ವಿಷಯ. ಯುಗಾದಿ ಬುಧವಾರ ಬಂದಿದೆ, ಆದ್ದರಿಂದ ಶನಿವಾರ 31ಕ್ಕೆ ಇಟ್ಟುಕೊಂಡಿದ್ದೇವೆ. ನೀನು ತರುವುದು ಕರೆಂಟಿನ ಪಿಯಾನೊ ಇರಬೇಕು, ಬ್ಯಾಂಡಿನವರು ಅದನ್ನೇ ಬಳಸುತ್ತಾರೆಂದು ಆಸ್ಪತ್ರೆಯ ನರ್ಸ್ ಒಬ್ಬಳು ಹೇಳಿದಳು. ಆದರೂ ಪಾದ್ರಿಗಳನ್ನು ಒಪ್ಪಿಸಿ ಚರ್ಚಿನದಕ್ಕೆ ಬೀಗ ತೆಗೆಸಿ ಟ್ಯೂನ್ ಮಾಡಿಸಿದ್ದೇನೆ. ಎರಡರಲ್ಲಿ ಯಾವುದು ಬೇಕೋ ಅದನ್ನು ನುಡಿಸು. ರತ್ನಾ ನಿನಗೆಂದು ತನ್ನ ಮೈಸೂರು ಸಿಲ್ಕ್ ತೆಗೆದಿಟ್ಟಿದ್ದಾಳೆ.

ಕಾರ್ಯಕ್ರಮದ ಹಾಳೆಯಲ್ಲಿ 'ಕುಮಾರಿ ಶಕುಂತಲಾ ಸ್ವಾಮಿ, ಪಿಯಾನೊ' ಎಂದು ಹಾಕಿಸಿದ್ದೇನೆ. ಸಾಕಮ್ಮ ಎಂದರೆ ಇಲ್ಲಿನವರು ಊರು, ಕೇರಿ ಎಲ್ಲ ಕೇಳುತ್ತಾರೆ. ಒಂದು ಸಂಜೆಯ ಮಟ್ಟಿಗೆ ತಾನೆ.

ನಿನ್ನ ಅಣ್ಣ,
ಎಂ. ಡಿ. ಸ್ವಾಮಿ

*

(ಪೋಸ್ಟ್ ಕಾರ್ಡ್)
ಷಾರ್ಲೆಟ್, ಉತ್ತರ ಕೆರೊಲಿನಾ
29 ಮಾರ್ಚ್ 1979

ಅಣ್ಣ,

ನಿನ್ನೆ ಯುಗಾದಿ ವ್ಯಾನಿನಲ್ಲೇ ಆಯಿತು. ಬೇವಿಗೆ ಅನಿಬಾಲ್ ಕುಡಿಯುವ ಹಸಿರು ಸೊಪ್ಪಿನ ಕಷಾಯ, ಬೆಲ್ಲಕ್ಕೆ ವೇಯ್ನ್‌ನ ಚೂಯಿಂಗ್ ಗಮ್. ಇಲ್ಲಿನ ಒಂದು ಬಾರಿನಲ್ಲಿ ಬಾರಿಸಿದೆವು. ಕುಡಿಯುತ್ತಿದ್ದವರು ಮೊದಲು ಬಾಟಲಿ ಎಸೆದರು, ಆಮೇಲೆ ಕುಣಿದರು. ಶನಿವಾರ ಬರುತ್ತೇವೆ.

ಶಕುಂತಲಾ ಯಾರು? ನನಗೆ ಅವಳ ಪರಿಚಯವಿಲ್ಲ.

ಸಾಕು

*

ವಾಷಿಂಗ್ಟನ್
8 ಏಪ್ರಿಲ್ 1979

ಅಣ್ಣ,

ಶನಿವಾರ ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ. ನಮ್ಮಿಬ್ಬರ ನಡುವೆ ಒಂದು ನೀರಿನ ಜಗ್ಗು ಇತ್ತಷ್ಟೇ, ಆದರೂ ಆಗಲಿಲ್ಲ. ನಡೆದದ್ದನ್ನೆಲ್ಲ ಬರೆಯುತ್ತೇನೆ. ನೀನು ಅಲ್ಲೇ ಇದ್ದೆ ನಿಜ, ಆದರೆ ನಾನು ನಿಂತ ಕಡೆಯಿಂದ ನೀನು ನೋಡಿಲ್ಲ.

ಚರ್ಚಿನ ಹಿಂದೆ ಪಾರ್ಕಿಂಗ್ ಲಾಟಿನಲ್ಲಿ ಡೋಲುಗಳನ್ನು ಇಳಿಸಿದೆವು. ನನ್ನದು ಎಲ್ಲಕ್ಕಿಂತ ದೊಡ್ಡದು, ಪೀಪಾಯಿಯಂತೆ ಹೊಟ್ಟೆ ಇರುವುದು. ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಂಡು ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈಯಲ್ಲಿ ಬಾರಿಸುವುದು. ಮೂರು ಡೋಲುಗಳಲ್ಲಿ ತಗ್ಗಿನ ದನಿ ಅದರದು. ಅದರ ಹೆಸರು ಪಿಯಾನೊ. ಮೊಂಟೆವಿಡಿಯೊದಲ್ಲಿ ಕೇಳಿದರೆ ಮಗುವೂ ಹೇಳುತ್ತದೆ. ಅನಿಬಾಲ್ ಪೇಪರು ಹಚ್ಚಿದ, ನಾನು ಚರ್ಮ ಕಾಯಿಸತೊಡಗಿದೆ. ಕರಿಯ ಟೀ ಶರ್ಟು, ಕತ್ತರಿಸಿದ ಕೂದಲು, ಬಿಸಿಲಿಗೆ ಸುಟ್ಟ ಮುಖ. ನನ್ನನ್ನೂ ಯುರುಗ್ವೆಯವಳೆಂದು ಎಲ್ಲರೂ ಎಣಿಸಿದರು.

ನೀನು ಪದ್ಮನಾಭರ ಜತೆ ಹೊರಗೆ ಬಂದೆ. ನನ್ನನ್ನು ನೋಡಿದೆ, ಡೋಲನ್ನು ನೋಡಿದೆ, ಬೆಂಕಿಯನ್ನು ನೋಡಿದೆ. ಅವರು, "ಏನ್ರೀ ಡಾಕ್ಟ್ರೇ, ಗ್ರೀನ್‌ವಿಲ್‌ನಲ್ಲಿ ಯಾರ್ ಮನೇಲಿ ಹೆಣ ಬಿತ್ತು? ತಮಟೆ ಕಾಯಿಸ್ದಂಗೆ ಕಾಯಿಸ್ತಿದಾರಲ್ಲ" ಎಂದರು.

ನೀನು ನಕ್ಕೆ.

ಸುಮ್ಮನಿದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನೀನು ನಕ್ಕೆ, ಅವರ ಬೆನ್ನು ತಟ್ಟಿದೆ, ಒಳಗೆ ಹೋಗಿ ಮೈಕಿನ ಮುಂದೆ ನಿಂತು ಹೇಳಿದೆ: "ನನ್ ಸಿಸ್ಟರ್‌ಗೆ ಫೀವರ್. ಡ್ರೈವ್ ಮಾಡೋಕ್ ಆಗ್ಲಿಲ್ಲ. ಅವಳ ಬದಲು ಅವಳ ಫ್ರೆಂಡ್ಸ್, ಯುರುಗ್ವೆ ದೇಶದ ಆರ್ಟಿಸ್ಟ್ಸ್ ಬಂದಿದಾರೆ." ಕಿಟಕಿಯ ಹೊರಗೆ ನಿಂತು ನನ್ನ ಜ್ವರದ ಸುದ್ದಿಯನ್ನು ನಾನೇ ಕೇಳಿದೆ.

ಯುರುಗ್ವೆ ಎಂದ ಮೇಲೆ ಯಾರಿಗೂ ತಕರಾರಿಲ್ಲ. ಟ್ರೂಡಿ ಬೈದಾಗ ಹೆಂಗಸರು ಮಕ್ಕಳ ಕಿವಿ ಮುಚ್ಚಿದರು, ಅಷ್ಟೇ. ಪದ್ಮನಾಭ ಮುಂದಿನ ಸಾಲಿನಲ್ಲಿ ಕಾಲು ಕುಣಿಸುತ್ತ, "ವೆರಿ ಇಂಟರೆಸ್ಟಿಂಗ್ ರಿದಮ್" ಎಂದರು. ಯುರುಗ್ವೆಯದಾದರೆ ರಿದಮ್, ಮಳವಳ್ಳಿಯದಾದರೆ ಹೆಣ.

ಆಗ ನಾನು ಅಪ್ಪನ ಬಡಿತ ಹಿಡಿದೆ, ಮಾರಿ ಮೆರವಣಿಗೆಯದು. ಅನಿಬಾಲ್ ಒಂದು ಸಲ ನನ್ನ ಮುಖ ನೋಡಿ ತನ್ನ ಪೆಟ್ಟನ್ನು ಪಕ್ಕಕ್ಕೆ ಸರಿಸಿಕೊಂಡು ಜಾಗ ಬಿಟ್ಟ. ನೀನು ಹಿಂದಿನ ಸಾಲಿನಿಂದ ಎದ್ದು, ಶಬ್ದವಾಗದಂತೆ ಬಾಗಿಲು ಮುಚ್ಚಿಕೊಂಡು ಹೊರಗೆ ಹೋದೆ. ಅಪ್ಪನ ಸದ್ದು ಕೇಳುವಷ್ಟು ಹೊತ್ತು ಕೂಡ ನಿನಗೆ ಕೂರಲು ಆಗಲಿಲ್ಲ.

ಊಟದ ಸಾಲಿನಲ್ಲಿ ನಳಿನಿಯವರು ಬಡಿಸುತ್ತಿದ್ದರು. ಪಕ್ಕದಲ್ಲಿ ನೀರಿನ ಜಗ್ಗು ಹಿಡಿದು ನೀನು. ಅವರು ನನ್ನ ಎದುರಿಗೇ ಜತೆಯಲ್ಲಿ ಬಡಿಸುತ್ತಿದ್ದ ಇನ್ನೊಬ್ಬರಿಗೆ ಹೇಳಿದರು: "ಈ ಹುಡುಗಿ ಥೇಟ್ ನಮ್ಮ ಕಡೆಯೋಳ್ ಥರಾನೇ ಇದಾಳೆ ನೋಡಿ. ಚರ್ಮ ಬಡಿದ ಕೈ, ತೊಳ್ಕೊಂಡ್ಲೋ ಇಲ್ವೋ, ಸ್ವಲ್ಪ ಮೇಲಿಂದ್ಲೇ ಹಾಕಿ."

"ತೊಳ್ಕೊಂಡಿದೀನಿ ಆಂಟಿ. ಇನ್ನೊಂದ್ ಒಬ್ಬಟ್ಟು ಹಾಕಿ, ತುಪ್ಪ ಜಾಸ್ತಿ" ಎಂದೆ.

ಅವರ ಕೈ ಅಲ್ಲೇ ನಿಂತಿತು. "ಅಯ್ಯೋ, ನಿಂಗೆ ಕನ್ನಡ ಬರತ್ತಾ? ಯಾವೂರಮ್ಮ?"

"ಮಳವಳ್ಳಿ ಕಡೆ."

"ಯಾರ ಪೈಕಿ?"

ನಿನ್ನ ಮುಖ ನೋಡಿದೆ. ಆ ಪ್ರಶ್ನೆ ನಿನಗೆ ಬಿಟ್ಟದ್ದು. ನಾನು ಕಾದೆ, ಅವರೂ ಕಾದರು, ನನ್ನ ಹಿಂದೆ ಸಾಲಿನಲ್ಲಿದ್ದ ಅನಿಬಾಲನೂ ಭಾಷೆ ತಿಳಿಯದೆಯೇ ಕಾದ. ನೀನು ಹೇಳಿದ್ದು, "ಊಟ ಆರ್ತಿದೆ, ಸಾಲು ಮುಂದೆ ಹೋಗ್ಲಿ."

ರತ್ನಾ ಅತ್ತಿಗೆ ಮಾತ್ರ ವ್ಯಾನಿನವರೆಗೆ ಬಂದು, ಮೈಸೂರು ಸಿಲ್ಕನ್ನು ನನ್ನ ಮಡಿಲಿಗೆ ಹಾಕಿ ಹೋದರು. ಅದನ್ನು ಡೋಲಿಗೆ ಸುತ್ತಿ ಇಟ್ಟಿದ್ದೇನೆ.

ಸಾಕು

*

ಗ್ರೀನ್‌ವಿಲ್
22 ಏಪ್ರಿಲ್ 1979

ಸಾಕಮ್ಮನಿಗೆ,

ಮೊದಲು ಮೋಸ ಮಾಡಿದವಳು ನೀನು. ಪಿಯಾನೊ ಎಂದು ಬರೆದೆ. ನಾನು ತಪ್ಪು ತಿಳಿದಿದ್ದೇನೆಂದು ನನ್ನ ಉತ್ತರ ಓದಿದ ಕೂಡಲೇ ನಿನಗೆ ಗೊತ್ತಾಗಿದೆ. ಆದರೂ ತಿದ್ದಲಿಲ್ಲ. ಒಬ್ಬ ಪಾದ್ರಿಯ ಕಾಲು ಹಿಡಿದು ಪಿಯಾನೊ ಟ್ಯೂನ್ ಮಾಡಿಸಿದೆ ನಾನು. ನೀನು ಆರ್ಲಿಂಗ್ಟನ್ನಿನ ಹುಡುಗರ ಜತೆ ಕೂತು ನಕ್ಕಿರಬೇಕು.

ನಿನ್ನ ಧೈರ್ಯದ ಬಗ್ಗೆಯೂ ಒಂದು ಮಾತು. ವಾಷಿಂಗ್ಟನ್ನಿನ ಬಾರುಗಳಲ್ಲಿ ನಿನ್ನ ಮುಂದೆ ಕುಣಿಯುವವರಿಗೆ ತಮಟೆ ಎಂದರೇನು, ಯಾರು ಬಾರಿಸುತ್ತಾರೆ ಎಂಬುದು ಗೊತ್ತಿಲ್ಲ. ಅಲ್ಲಿ ಧೈರ್ಯ ಸುಲಭ. ನನ್ನ ಎದುರಿಗೆ ಕೂತವರಿಗೆ ಗೊತ್ತು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ತಟ್ಟೆಯ ಅಂಚಿಗೆ ಯಾರೋ ಮೊಳೆಯಿಂದ ಗುರುತು ಗೀರಿದ್ದರು, ಬೇರೆ ತಟ್ಟೆಗಳ ಜತೆ ಸೇರದಿರಲಿ ಎಂದು. ಅನಾಟಮಿಯಲ್ಲಿ ಮೊದಲನೆಯವನಾಗಿ ಪಾಸಾದ ದಿನವೂ ಅದೇ ತಟ್ಟೆಯಲ್ಲಿ ಉಂಡೆ. ಆಗ ನಿಶ್ಚಯಿಸಿದೆ, ಇನ್ನೆಲ್ಲಿಯೂ ಯಾರೂ ನನ್ನ ತಟ್ಟೆ ಗುರುತಿಸಬಾರದೆಂದು. ಅದಕ್ಕಾಗಿ ಇಷ್ಟು ದೂರ ಬಂದೆ. ನೀನು ವ್ಯಾನಿನಲ್ಲಿ ಬಂದು ಒಂದು ಸಂಜೆಯಲ್ಲಿ ಅದನ್ನು ಕೆದಕಿ ಹೋದೆ.

ಹೊರಗೆ ಹೋದದ್ದು ಏಕೆಂದು ನಿನಗೆ ಹೇಳಬೇಕಾದ ಅಗತ್ಯ ನನಗಿಲ್ಲ.

ಡಾ. ಎಂ. ಡಿ. ಸ್ವಾಮಿ

*

ವಾಷಿಂಗ್ಟನ್
29 ಏಪ್ರಿಲ್ 1979

ಡಾಕ್ಟರ್ ಸ್ವಾಮಿಯವರಿಗೆ,

ತಮ್ಮ ಕಾಗದ ತಲುಪಿತು.

ತಟ್ಟೆಯ ವಿಷಯ ನನಗೆ ಗೊತ್ತಿರಲಿಲ್ಲ. ತಾವು ಹೇಳಿರಲಿಲ್ಲ. ಗೊತ್ತಾದ ಮೇಲೆ ಕೋಪ ಇನ್ನೂ ಜಾಸ್ತಿಯಾಗಿದೆ, ಏಕೆಂದರೆ ನಳಿನಿಯವರು ನನಗೆ ಮೇಲಿನಿಂದ ಬಡಿಸಿ ಎಂದಾಗ ಪಕ್ಕದಲ್ಲಿ ಜಗ್ಗು ಹಿಡಿದಿದ್ದವರು ಆ ತಟ್ಟೆಯಲ್ಲಿ ಉಂಡವರು.

ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಕಾಗದ ಬರೆದಿದ್ದಿರಿ. ಕೆಲವೇ ವರ್ಷಗಳ ಹಿಂದಿನವರೆಗೆ ಆ ಆಸ್ಪತ್ರೆಗೆ ಕರಿಯರು ಹಿಂದಿನ ಬಾಗಿಲಿನಿಂದ ಬರಬೇಕಿತ್ತು, ಈಗ ಆ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ, ನೋಡಿ ಹೊಟ್ಟೆ ಉರಿಯಿತು ಎಂದು. ಈಗಲೂ ಅದರ ಮುಂದೆಯೇ ಕಾರು ನಿಲ್ಲಿಸುತ್ತೀರಿ ತಾನೆ.

ನಾನು ಸುಳ್ಳು ಹೇಳಲಿಲ್ಲ, ಅದರ ಹೆಸರೇ ಪಿಯಾನೊ. ತಾವೂ ಸುಳ್ಳು ಹೇಳಲಿಲ್ಲ, ತಮ್ಮ ಹೆಸರೂ ಸ್ವಾಮಿಯೇ. ಕೇಳಿದವರು ಏನು ಬೇಕೋ ತುಂಬಿಕೊಂಡರು. ಆದರೆ ನನ್ನ ಪಿಯಾನೊವನ್ನು ನಾನು ಎಲ್ಲರ ಎದುರು ಇಳಿಸಿ ಬಾರಿಸಿದೆ.

ಸಾಕು

*

ಗ್ರೀನ್‌ವಿಲ್
27 ಮೇ 1979

ಸಾಕೂ,

ನಿನ್ನ ಕಾಗದದ ಕೊನೆಯ ಪದ ಹೆಸರೋ ಮಾತೋ ಎಂದು ರತ್ನಾಳನ್ನು ಕೇಳಿದೆ. "ಎರಡೂ" ಎಂದಳು. ಆಮೇಲೆ ನನ್ನ ಹತ್ತಿರ ಬಹಳ ದಿನ ಮಾತಾಡಲಿಲ್ಲ.

ಕಳೆದ ವಾರ ಪದ್ಮನಾಭ ಫೋನು ಮಾಡಿದ್ದರು. ಒಬ್ಬ ರೋಗಿಯ ವಿಷಯ ಮಾತಾಡಿ ಮುಗಿಸಿ, ಇಡುವ ಮುನ್ನ ಹೇಳಿದರು: "ಅಲ್ಲಾ, ಆ ಡ್ರಮ್ ಹುಡುಗಿ ಮಳವಳ್ಳಿಯೋಳಂತೆ. ನಳಿನಿ ತಲೆ ತಿಂತಿದಾಳೆ. ಯಾರ ಪೈಕಿ ಅಂತ ಗೊತ್ತಾಯ್ತಾ?"

"ನಮ್ಮ ಪೈಕಿ. ನನ್ನ ತಂಗಿ. ಸಾಕಮ್ಮ ಅಂತ."

"ಫೀವರ್ ಅಂದ್ರಿ?"

"ಫೀವರ್ ಇರ್ಲಿಲ್ಲ."

"ಹಂಗಾದ್ರೆ ಆ ತಮಟೆ..." ಎಂದರು.

"ನಮ್ಮಪ್ಪಂದು."

"ಓ. ವೆರಿ ಗುಡ್, ವೆರಿ ಗುಡ್" ಎಂದು ಇಟ್ಟರು. ಶನಿವಾರ ಅವರ ಮನೆಯಲ್ಲಿ ಊಟವಿತ್ತು. ಮುಂದಕ್ಕೆ ಹೋಗಿದೆಯೆಂದು ನಳಿನಿಯವರು ತಿಳಿಸಿದರು. ರತ್ನಾ ಅಂಗಡಿಯಿಂದ ಬರುವಾಗ ನೋಡಿದಳಂತೆ, ಅವರ ಮನೆಯ ಮುಂದೆ ಎಲ್ಲರ ಕಾರುಗಳೂ ನಿಂತಿದ್ದವು. ನಿನಗೆ ಸಂತೋಷವಾಗಬಹುದು. ನನಗೆ ಆಗಿಲ್ಲ. ಅವರಿಗೆ ಹೇಳಿದ್ದು ನೀನು ಕೇಳಿದೆಯೆಂದೂ ಅಲ್ಲ. ಅವರು "ಡ್ರಮ್ ಹುಡುಗಿ" ಎಂದ ರೀತಿಗೆ ಸಿಟ್ಟು ಬಂತು, ಬಾಯಿಗೆ ಬಂದುಬಿಟ್ಟಿತು.

ಇನ್ನೊಂದು ವಿಷಯ. ನೀನು ಬಾರಿಸಿದ್ದು ತಪ್ಪು. ಬಡಿತದ ಮೂರನೇ ಏಟನ್ನು ಅಪ್ಪ ಹೊಡೆಯುತ್ತಲೇ ಇರಲಿಲ್ಲ. ಅಲ್ಲಿ ಕೈ ಎತ್ತಿ ಗಾಳಿಯಲ್ಲಿ ಬಿಡುತ್ತಿದ್ದ. ಆ ಜಾಗಕ್ಕೆ ಬೀಳುತ್ತಿದ್ದದ್ದು ಪಕ್ಕದಲ್ಲಿದ್ದ ನನ್ನ ತಮಟೆಯ ಏಟು. ಬೆಂಕಿಯ ಹತ್ತಿರ ಕೂತ ನಿನಗೆ ಕೈಗಳು ಕಾಣುತ್ತಿರಲಿಲ್ಲ, ಎರಡೂ ಕೂಡಿ ಒಂದೇ ಎಂದು ಕೇಳಿಸಿದೆ. ಅದನ್ನೇ ಒಬ್ಬಳೇ ಬಾರಿಸಿದೆ. ಹಾಲ್‌ನಲ್ಲಿ ಆ ಏಟು ಬಂದಾಗಲೆಲ್ಲ ನನ್ನ ಕೈ ಮುಂದಿನ ಕುರ್ಚಿಯ ಬೆನ್ನಿಗೆ ಹೊಡೆಯುತ್ತಿತ್ತು. ಅದರಲ್ಲಿ ಕೂತವರು ತಿರುಗಿ ನೋಡಿದರು. ಅದಕ್ಕೇ ಹೊರಗೆ ಹೋದೆ.

ನಾನು ಮೈಸೂರಿಗೆ ಹೋದ ಮೇಲೆ ಅಪ್ಪ ಆ ಜಾಗವನ್ನು ಏನು ಮಾಡಿದ? ನಿನಗೆ ನೆನಪಿದ್ದರೆ ಬರಿ.

ಮಾದೇವ

*

ವಾಷಿಂಗ್ಟನ್
3 ಜೂನ್ 1979

ಅಣ್ಣ,

ನೀನು ನನ್ನನ್ನು ಎರಡು ಸಲ ತಿದ್ದಿದೆ. ಎರಡು ಸಲವೂ ತಪ್ಪು ತಿದ್ದಿದೆ.

ನೀನು ಹೋದ ಮೇಲೂ ಅಪ್ಪ ಅಲ್ಲಿ ಕೈ ಎತ್ತುತ್ತಲೇ ಇದ್ದ. ಜಾಗ ಖಾಲಿ. ಜತೆಗಾರರು ಹೇಳಿದರು, ಬೇರೆ ಹುಡುಗರನ್ನು ಹಾಕಿಕೋ ಎಂದು. ಕೇಳಲಿಲ್ಲ. ಕುಡಿದ ಯಾರೋ ಒಮ್ಮೆ, "ನಿನ್ ತಮಟೆ ಕುಂಟ್ತದಲ್ಲಾ ಮಾದಯ್ಯ" ಎಂದು ನಕ್ಕರು. ಆವತ್ತಿನಿಂದ ನಾನು ಉರಿಯ ಪಕ್ಕದಲ್ಲಿ ಕೂತು, ಹುಲ್ಲು ಕೆದಕುವ ಕಡ್ಡಿಯಿಂದ ಆ ಏಟನ್ನು ನೆಲಕ್ಕೆ ಹೊಡೆಯುತ್ತಿದ್ದೆ. ನೆಲಕ್ಕೆ ಹೊಡೆದದ್ದು ಯಾರಿಗೂ ಕೇಳುವುದಿಲ್ಲ. ಅಪ್ಪ ಸಾಯುವವರೆಗೆ ಹೊಡೆದೆ. ಆ ಏಟು ನನಗೆ ತಿಳಿಯದೆ ಬಂದದ್ದಲ್ಲ. ನೀನು ಬಿಟ್ಟುಹೋದದ್ದನ್ನು ನಾನು ಎತ್ತಿಕೊಂಡೆ.

ಪದ್ಮನಾಭರಿಗೆ ಹೇಳಿದೆಯಂತೆ, ಸರಿ. ಆದರೆ ಫೋನಿನಲ್ಲಿ ಒಬ್ಬರ ಕಿವಿಗೆ. ನನಗೆ ಜ್ವರ ಬರಿಸಿದ್ದು ಮೈಕಿನಲ್ಲಿ.

ಜೂನ್ 23, ಶನಿವಾರ, ಷಾರ್ಲೆಟ್‌ನಲ್ಲಿ ಮತ್ತೆ ಬಾರಿಸುತ್ತೇವೆ. ಈ ಸಲ ಬಾರಿನಲ್ಲಲ್ಲ, ಪಾರ್ಕಿನಲ್ಲಿ, ಬಯಲಲ್ಲಿ. ನಿನ್ನ ಮನೆಯಿಂದ ದೂರವೇನೂ ಇಲ್ಲ. ಅಲ್ಲಿಗೆ ಕನ್ನಡದವರೂ ಬರುತ್ತಾರೆ, ವ್ಯಾನಿನವಳು ಯಾರ ಪೈಕಿ ಎಂಬ ಸುದ್ದಿ ಈಗ ಅಟ್ಲಾಂಟಾದವರೆಗೆ ಹೋಗಿದೆಯೆಂದು ಅತ್ತಿಗೆ ಹೇಳಿದರು. ಅಪ್ಪನ ಬಡಿತ ಬಂದಾಗ ಮೂರನೇ ಏಟನ್ನು ನಾನು ಹೊಡೆಯುವುದಿಲ್ಲ, ಕೈ ಎತ್ತಿ ಬಿಡುತ್ತೇನೆ. ಅನಿಬಾಲ್ ತನ್ನ ಪಕ್ಕದಲ್ಲಿ ಒಂದು ಡೋಲು ಹೆಚ್ಚಿಗೆ ಇಟ್ಟಿರುತ್ತಾನೆ. ಕಾಯಿಸುವುದು ನಾನೇ.

ಬಂದು ಹೊಡೆ. ಬರದಿದ್ದರೆ ಮಾರನೆಯ ದಿನದಿಂದ ಮತ್ತೆ ನಾನೇ ಹೊಡೆಯುತ್ತೇನೆ, ಆಮೇಲೆ ಅದನ್ನು ನಿನ್ನದು ಎಂದು ಯಾವ ಕಾಗದದಲ್ಲೂ ಬರೆಯಬೇಡ.

ಸಾಕಮ್ಮ